ನಡುವೆ ಡಿಸಿ ಇಲ್ಲದ ಡ್ರೈವ್: ಮ್ಯಾಟ್ರಿಕ್ಸ್ ಕನ್ವರ್ಟರ್ ಕಟ್ಟಿದ ನನ್ನ ಅನುಭವ

ಪೀಣ್ಯದಲ್ಲಿ ನಮ್ಮದೊಂದು ಚಿಕ್ಕ ವರ್ಕ್‌ಶಾಪ್. ಡ್ರೈವ್ (ಮೋಟಾರಿನ ವೇಗ ಹಿಡಿತದಲ್ಲಿಡುವ ಪೆಟ್ಟಿಗೆ) ರಿಪೇರಿಯೇ ಮುಖ್ಯ ಕೆಲಸ. ರಿಪೇರಿಗೆ ಬಂದ ವಿಎಫ್‌ಡಿ, ಅಂದರೆ ಫ್ರೀಕ್ವೆನ್ಸಿ ಬದಲಿಸಿ ವೇಗ ಬದಲಿಸುವ ಡ್ರೈವ್, ಬಿಚ್ಚಿದರೆ ಎಷ್ಟೋ ಸಲ ಒಂದೇ ಕತೆ: ಡಿಸಿ ಬಸ್‌ನ (ಒಳಗಿನ ಡಿಸಿ ಸಾಲಿನ) ಕೆಪಾಸಿಟರ್ ಉಬ್ಬಿಕೊಂಡಿರುತ್ತದೆ. ಬಿಸಿ ಪ್ಯಾನಲ್ ಒಳಗೆ ಅದಕ್ಕೆ ಆಯಸ್ಸು ಕಮ್ಮಿ. ಎಸಿಯನ್ನು ಡಿಸಿ ಮಾಡಿ, ಅದನ್ನು ಮತ್ತೆ ಎಸಿ ಮಾಡಿ ಮೋಟಾರಿಗೆ ಕೊಡೋ ಬದಲು ನೇರವಾಗಿ ಹೋದರೆ ಆ ಕೆಪಾಸಿಟರೇ ಬೇಡ, ಅಲ್ವಾ? ಹೀಗೆ ಯೋಚಿಸಿ ಸುಮ್ನೆ ತಲೆಗೆ ಹುಳ ಬಿಟ್ಟುಕೊಂಡೆ. ಅದೇ ಹೊತ್ತಿಗೆ ಒಬ್ಬ ಗಿರಾಕಿಯ ಗೂಡ್ಸ್ ಲಿಫ್ಟ್ ಕೂಡ ಕಣ್ಣ ಮುಂದಿತ್ತು. ಲೋಡ್ ಇಳಿಸುವಾಗ ಅದರ ಮೋಟಾರೇ ಜನರೇಟರ್ ಆಗುತ್ತಿತ್ತು. ಹುಟ್ಟಿದ ಕರೆಂಟನ್ನೆಲ್ಲ ಬ್ರೇಕಿಂಗ್ ರೆಸಿಸ್ಟರ್‌ನಲ್ಲಿ ಸುಟ್ಟು ಶೆಡ್ ಬಿಸಿ ಮಾಡುತ್ತಿದ್ದರು.

ನೇರ ದಾರಿಗಳಲ್ಲಿ ಹಳೆಯದು ಸೈಕ್ಲೋಕನ್ವರ್ಟರ್. ಥೈರಿಸ್ಟರ್ ಅನ್ನೋ ಹಳೇ ಮಾದರಿಯ ಸ್ವಿಚ್ ಸಾಕು, ಆದರೆ ಔಟ್‌ಪುಟ್ ಫ್ರೀಕ್ವೆನ್ಸಿ ಇನ್‌ಪುಟ್‌ನ ಮೂರನೇ ಒಂದು ಭಾಗ ದಾಟುವುದು ಕಷ್ಟ. ನಮ್ಮ 50 ಹರ್ಟ್ಜ್‌ಗೆ ಸುಮಾರು 17. ನಿಧಾನಕ್ಕೆ ತಿರುಗುವ ದೊಡ್ಡ ಸಿಮೆಂಟ್ ಮಿಲ್ಲಿಗೆ ಅದು ಸರಿ, ನನ್ನ 3 ಎಚ್‌ಪಿ ಮೋಟಾರಿಗೆ ಅಲ್ಲ. ಹಾಗಾಗಿ ಮ್ಯಾಟ್ರಿಕ್ಸ್ ಕನ್ವರ್ಟರ್‌ಗೇ ಕೈ ಹಾಕಿದೆ. ಇನ್‌ಪುಟ್‌ನ ಮೂರು ಫೇಸ್, ಔಟ್‌ಪುಟ್‌ನ ಮೂರು ಫೇಸ್, ನಡುವೆ 9 ಸ್ವಿಚ್. ಒಂದೊಂದೂ ಎರಡೂ ಕಡೆ ಕರೆಂಟ್ ಬಿಡಬೇಕು, ಎರಡೂ ಕಡೆ ತಡೆಯಬೇಕು. ಅಂಥ ಬಿಡಿ ಸ್ವಿಚ್ ನನಗೆ ಅಂಗಡಿಯಲ್ಲಿ ಸಿಗಲಿಲ್ಲ. ಅದಕ್ಕೇ ಎರಡೆರಡು ಐಜಿಬಿಟಿಗಳನ್ನು (ಒಂದೇ ದಿಕ್ಕಿಗೆ ಆನ್-ಆಫ್ ಮಾಡುವ ಪವರ್ ಟ್ರಾನ್ಸಿಸ್ಟರ್) ಎಮಿಟರ್‌ಗೆ ಎಮಿಟರ್ ಜೋಡಿಸಿದೆ. 1200 ವೋಲ್ಟಿನವು, ಒಟ್ಟು 18. ಅವುಗಳನ್ನು ಆನ್-ಆಫ್ ಮಾಡುವ ಗೇಟ್ ಡ್ರೈವರ್‌ಗೆ ಬೇರೆ ಬೇರೆ 9 ಐಸೊಲೇಟೆಡ್ (ಒಂದಕ್ಕೊಂದು ತಾಗದ) ಸಪ್ಲೈ. ಬೋರ್ಡಿನ ಅರ್ಧ ಜಾಗ ಅದಕ್ಕೇ ಹೋಯಿತು.

ಯಾವ ಸ್ವಿಚ್ ಎಷ್ಟು ಹೊತ್ತು ಆನ್ ಇರಬೇಕು ಅನ್ನೋ ಲೆಕ್ಕವನ್ನು ವೆಂಚುರಿನಿ ಮತ್ತು ಅಲೆಸಿನಾ 1980ರಲ್ಲೇ ಹಾಕಿಟ್ಟಿದ್ದಾರೆ. ಮೊದಲಿಗೆ ಔಟ್‌ಪುಟ್ ವೋಲ್ಟೇಜ್ ಇನ್‌ಪುಟ್‌ನ ಅರ್ಧ ಮಾತ್ರ ಸಿಗುತ್ತಿತ್ತು. ಆಮೇಲೆ ಅವರೇ ಅದನ್ನು 0.866ಕ್ಕೆ ಏರಿಸಿದರು. ಲೆಕ್ಕ ನೋಡಲು ಭಯ ಹುಟ್ಟಿಸುತ್ತದೆ, ಆದರೆ ಡಿಎಸ್‌ಪಿಗೆ (ಲೆಕ್ಕ ಮಾಡುವ ಪ್ರೊಸೆಸರ್ ಚಿಪ್) ಬರೆದು ಮುಗಿಸಲು ನನಗೆ ಎರಡು ವಾರ ಸಾಕಾಯಿತು. ತಿಂಗಳುಗಟ್ಟಲೆ ಸತಾಯಿಸಿದ್ದು ಒಂದು ಸ್ವಿಚ್ಚಿನಿಂದ ಇನ್ನೊಂದಕ್ಕೆ ದಾಟುವ ಆ 3 ಮೈಕ್ರೋಸೆಕೆಂಡ್.

ಇನ್‌ಪುಟ್‌ನ ಎರಡು ಫೇಸ್ ಒಂದಕ್ಕೊಂದು ತಾಗಿದರೆ ಶಾರ್ಟ್. ಔಟ್‌ಪುಟ್ ತಂತಿ ಒಂದು ಕ್ಷಣ ಖಾಲಿ ಬಿಟ್ಟರೂ ಮೋಟಾರಿನ ಕರೆಂಟ್ ಹೋಗಲು ದಾರಿಯಿಲ್ಲದೆ ವೋಲ್ಟೇಜ್ ಹಾರುತ್ತದೆ. ಸಾಮಾನ್ಯ ಇನ್ವರ್ಟರ್‌ನಲ್ಲಿ ಎರಡೂ ಸ್ವಿಚ್ ಆಫ್ ಮಾಡಿ ಡೆಡ್‌ಟೈಮ್ ಕೊಟ್ಟರೆ ಡಯೋಡ್ ನೋಡಿಕೊಳ್ಳುತ್ತದೆ. ಇಲ್ಲಿ ಆ ಆಸರೆ ಇಲ್ಲ. ಹಾಗಾಗಿ ದಾಟುವುದು ನಾಲ್ಕು ಹೆಜ್ಜೆಯಲ್ಲಿ. ಆರ್ ಫೇಸಿನಿಂದ ವೈ ಫೇಸಿಗೆ ಹೋಗಬೇಕು, ಕರೆಂಟ್ ಮೋಟಾರಿನ ಕಡೆ ಹರಿಯುತ್ತಿದೆ ಅಂದುಕೊಳ್ಳಿ. ಮೊದಲು ಆರ್ ಜೋಡಿಯಲ್ಲಿ ಆಗ ಕರೆಂಟ್ ಹೊತ್ತಿರದ ಐಜಿಬಿಟಿ ಆಫ್. ಆಮೇಲೆ ವೈ ಜೋಡಿಯಲ್ಲಿ ಮೋಟಾರಿನ ಕಡೆ ಕರೆಂಟ್ ಬಿಡುವುದು ಆನ್. ಈಗ ಎರಡೂ ಫೇಸ್ ಹಿಡಿದುಕೊಂಡಿವೆ, ಆದರೂ ಶಾರ್ಟ್ ಆಗುವುದಿಲ್ಲ, ಯಾಕಂದರೆ ಎರಡೂ ಒಂದೇ ದಿಕ್ಕಿನವು. ಆಮೇಲೆ ಆರ್‌ನ ಉಳಿದದ್ದು ಆಫ್, ಕೊನೆಗೆ ವೈನ ಇನ್ನೊಂದು ಆನ್. ಬಾವಿಕಟ್ಟೆಯಲ್ಲಿ ಕೊಡ ಕೈ ಬದಲಿಸುವ ಹಾಗೆ: ಅವರು ಹಿಡಿದ ಮೇಲೇ ನಾವು ಬಿಡಬೇಕು. ಒಂದೊಂದು ಹೆಜ್ಜೆಗೂ ನಡುವೆ 1 ಮೈಕ್ರೋಸೆಕೆಂಡ್ ಇಟ್ಟೆ. ಇದನ್ನು ಎಫ್‌ಪಿಜಿಎಯಲ್ಲಿ (ಒಳಗಿನ ಸರ್ಕ್ಯೂಟನ್ನೇ ನಾವು ಬರೆಯಬಹುದಾದ ಚಿಪ್) ಬರೆದೆ, ಡಿಎಸ್‌ಪಿಗೆ ಇಷ್ಟು ಚುರುಕು ಇಲ್ಲ.

ಟೆಸ್ಟಿಂಗ್‌ಗೆ ಡಿಮ್ಮರ್‌ಸ್ಟ್ಯಾಟ್‌ನಲ್ಲಿ (ವೋಲ್ಟೇಜ್ ಏರಿಳಿಸುವ ಟ್ರಾನ್ಸ್‌ಫಾರ್ಮರ್) 60 ವೋಲ್ಟಿನಿಂದ ಶುರು. ಮೂರೂ ಫೇಸಿಗೆ 200 ವ್ಯಾಟ್ ಬಲ್ಬು ಸೀರೀಸ್. ಶಾರ್ಟ್ ಆದರೆ ಬಲ್ಬು ಉರಿಯುತ್ತದೆ, ಐಜಿಬಿಟಿ ಉಳಿಯುತ್ತದೆ ಅನ್ನೋ ಧೈರ್ಯ. 300 ವೋಲ್ಟ್ ತಲುಪುವ ಹೊತ್ತಿಗೆ ಢಂ ಅಂತ ಎರಡು ಐಜಿಬಿಟಿ ಸೀಳಿದವು. ಬಲ್ಬು ಮೂರೂ ಝಗಝಗ ಉರಿಯುತ್ತಿದ್ದವು, ನನ್ನನ್ನು ಅಣಕಿಸುವ ಹಾಗೆ. ಆಮೇಲೆ ಹೊಳೆಯಿತು: ಬಲ್ಬು ತಡೆಯುವುದು ಲೈನಿನಿಂದ ಬರುವ ಕರೆಂಟನ್ನು. ಇನ್‌ಪುಟ್ ಫಿಲ್ಟರಿನ ಕೆಪಾಸಿಟರ್ ಬಲ್ಬಿನಿಂದ ಈಚೆ, ಐಜಿಬಿಟಿಯ ಮಗ್ಗುಲಲ್ಲೇ ಕೂತಿದೆ. ತನ್ನಲ್ಲಿದ್ದದ್ದನ್ನೆಲ್ಲ ಅದು ಒಂದೇ ಏಟಿಗೆ ಸುರಿಯಿತು.

ಕಾರಣ ನನ್ನದೇ ಕೋಡ್. ದಾಟುವ ಮಧ್ಯದಲ್ಲೇ ಕರೆಂಟಿನ ದಿಕ್ಕು ಹೇಳುವ ಸಿಗ್ನಲ್ ಒಮ್ಮೆ ಅದುರಿತ್ತು. ಆರ್‌ನಿಂದ ಬರುವ ದಾರಿ, ವೈಗೆ ಹೋಗುವ ದಾರಿ ಎರಡೂ ಒಟ್ಟಿಗೆ ತೆರೆದುಕೊಂಡಿದ್ದವು. ಮೊದಲ ಹೆಜ್ಜೆಗೆ ಮುಂಚೆ ದಿಕ್ಕನ್ನು ಓದಿ, ನಾಲ್ಕೂ ಮುಗಿಯುವವರೆಗೆ ಮತ್ತೆ ಓದದ ಹಾಗೆ ಮಾಡಿದೆ. ಅಲ್ಲಿಂದ ಮುಂದೆ ಶಾರ್ಟ್ ಆಗಲಿಲ್ಲ.

ಇನ್ನೊಂದು ತೊಂದರೆ ಸದ್ದಿಲ್ಲದೆ ಬಂತು. ಡ್ರೈವ್ ಟ್ರಿಪ್ ಆದಾಗ ಮೋಟಾರಿನಲ್ಲಿ ಉಳಿದ ಶಕ್ತಿ ಎಲ್ಲಿಗಾದರೂ ಹೋಗಬೇಕಲ್ಲ, ಅದಕ್ಕೊಂದು ಕ್ಲ್ಯಾಂಪ್ ಹಾಕಿದ್ದೆ: 12 ಫಾಸ್ಟ್ ಡಯೋಡ್, ಒಂದು ಕೆಪಾಸಿಟರ್. ಮೋಟಾರಿನ ಲೀಕೇಜ್ ಇಂಡಕ್ಟೆನ್ಸ್ (ಆ ಶಕ್ತಿ ಕೂತಿರುವ ಜಾಗ) ಸುಮಾರು 30 ಮಿಲಿಹೆನ್ರಿ, ಟ್ರಿಪ್ 15 ಆಂಪಿಯರ್‌ಗೆ. ಅಂದರೆ ಮೂರೂ ಫೇಸ್ ಸೇರಿ 5 ಜೂಲ್ ಚಿಲ್ಲರೆ. 850 ವೋಲ್ಟ್ ಮೀರಬಾರದು ಅಂದರೆ 27 ಮೈಕ್ರೋಫ್ಯಾರಡ್ ಬೇಕು, 33ರ ಫಿಲ್ಮ್ ಕೆಪಾಸಿಟರ್ ಹಾಕಿದೆ. (ಕೆಪಾಸಿಟರ್ ಬೇಡ ಅಂತ ಹೊರಟವನು ಕೊನೆಗೆ ಒಂದು ಹಾಕಿಯೇ ಬಿಟ್ಟೆ. ಉಬ್ಬುವ ಎಲೆಕ್ಟ್ರೋಲಿಟಿಕ್ ಅಲ್ಲ ಅನ್ನೋದೇ ಸಮಾಧಾನ.) ಸುಮ್ನೆ ಓಡುವಾಗ ಅದರ ಮೇಲೆ 415 ವೋಲ್ಟ್ ಲೈನಿನ ಪೀಕ್ (ಅಲೆಯ ತುದಿ), 587 ವೋಲ್ಟ್ ಇರಬೇಕು. ಆದರೆ ಮೋಟಾರ್ ಖಾಲಿ ಓಡುವಾಗ ಮೀಟರ್ 640, 680, 710 ಅಂತ ಮೇಲಕ್ಕೆ ಹತ್ತುತ್ತಿತ್ತು. ಲೋಡ್ ಹಾಕಿದರೆ ಇಳಿಯುತ್ತಿತ್ತು!

ಎರಡು ದಿನ ಸ್ಕೋಪ್ ಮುಂದೆ ಕೂತ ಮೇಲೆ ಕಳ್ಳ ಸಿಕ್ಕಿದ. ಕರೆಂಟ್ ಅಳೆಯುವ ಹಾಲ್ ಸೆನ್ಸರ್‌ನಲ್ಲಿ ಚೂರು ಆಫ್‌ಸೆಟ್ (ಸೊನ್ನೆಯೇ ಪಕ್ಕಕ್ಕೆ ಸರಿದಿರುವ ದೋಷ) ಇತ್ತು. ಕರೆಂಟ್ ಸೊನ್ನೆಯ ಹತ್ತಿರ ಇದ್ದಾಗ ದಿಕ್ಕು ತಪ್ಪು ಹೇಳುತ್ತಿತ್ತು. ಪ್ರತಿ ಸಲ ಔಟ್‌ಪುಟ್ 3 ಮೈಕ್ರೋಸೆಕೆಂಡ್ ಖಾಲಿ ಬಿದ್ದು, ಕರೆಂಟ್ ಕ್ಲ್ಯಾಂಪಿಗೆ ನುಗ್ಗುತ್ತಿತ್ತು. ಖಾಲಿ ಮೋಟಾರಿನಲ್ಲಿ ಕರೆಂಟ್ ಕಮ್ಮಿ, ಹಾಗಾಗಿ ಸೊನ್ನೆಯ ಹತ್ತಿರವೇ ಜಾಸ್ತಿ ಹೊತ್ತು. ಆಫ್‌ಸೆಟ್ ಟ್ರಿಮ್ ಮಾಡಿದರೆ ಬಿಸಿಯಾದಂತೆ ಮತ್ತೆ ಜಾರುತ್ತದೆ. ಕೊನೆಗೆ ದಿಕ್ಕಿಗಾಗಿ ಸೆನ್ಸರ್ ನಂಬುವುದನ್ನೇ ಬಿಟ್ಟೆ. ಜೋಡಿಯಲ್ಲಿ ಯಾವ ಐಜಿಬಿಟಿ ಕರೆಂಟ್ ಹೊತ್ತಿದೆಯೋ ಅದರ ಮೇಲೆ ಒಂದೆರಡು ವೋಲ್ಟ್ ಪಾಸಿಟಿವ್ ಇರುತ್ತದೆ, ಇನ್ನೊಂದರಲ್ಲಿ ಡಯೋಡ್ ಓಡುತ್ತಿರುವುದರಿಂದ ನೆಗೆಟಿವ್. ಗೇಟ್ ಡ್ರೈವರ್ ಬೋರ್ಡಲ್ಲೇ ವೋಲ್ಟೇಜ್ ಹೋಲಿಸಿ ನೋಡುವ ಕಂಪ್ಯಾರೇಟರ್ ಇಟ್ಟು ಅದನ್ನು ಓದಿದೆ. ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು 1990ರ ದಶಕದಲ್ಲೇ ಮಾಡಿ ತೋರಿಸಿದ ಉಪಾಯ ಇದು. ಮೊದಲೇ ಗಮನ ಕೊಟ್ಟು ಓದಿದ್ದರೆ ಎರಡು ಬೋರ್ಡ್ ಉಳಿಯುತ್ತಿತ್ತು.

ಇನ್ನು ಆ 0.866ರ ಕೊರತೆ. 415ಕ್ಕೆ ಸಿಗುವುದು 359 ವೋಲ್ಟ್. 50 ಹರ್ಟ್ಜ್‌ನಲ್ಲಿ ಅಷ್ಟೇ ಕೊಟ್ಟರೆ ಮೋಟಾರಿನ ಗರಿಷ್ಠ ಟಾರ್ಕ್ ಮುಕ್ಕಾಲಿಗೆ ಇಳಿಯುತ್ತದೆ. ಲಿಫ್ಟಿಗೆ ಅದು ಆಗದು. ವೋಲ್ಟೇಜ್ ಏರಿಸಲು ಸಾಫ್ಟ್‌ವೇರ್‌ನಲ್ಲಿ ಏನೇನೋ ಸರ್ಕಸ್ ಮಾಡಿದೆ, ಕರೆಂಟ್ ಅಲೆ ಕೆಟ್ಟಿತು. ಕೊನೆಗೆ ಮೋಟಾರನ್ನೇ ರಿವೈಂಡಿಂಗ್ ಅಂಗಡಿಗೆ ಹೊತ್ತುಕೊಂಡು ಹೋದೆ. "360 ವೋಲ್ಟ್‌ಗೆ ಸುತ್ತಿ ಕೊಡಿ ಅಣ್ಣ" ಅಂದೆ. "ಯಾವ ಊರ ಕರೆಂಟ್ ಸಾರ್ ಇದು?" ಅಂತ ನಕ್ಕರು. ಹಳೇ ಕಾಯಿಲ್‌ನಲ್ಲಿ 60 ಸುತ್ತು ಇತ್ತು, 52 ಹಾಕಿದರು. ಸುತ್ತು ಕಮ್ಮಿ ಆಗಿ ಉಳಿದ ಜಾಗಕ್ಕೆ ತಂತಿ ಒಂಚೂರು ದಪ್ಪ. ನಾನು ವಾರಗಟ್ಟಲೆ ಗುದ್ದಾಡಿದ್ದು ಅವರ ಕೈಯಲ್ಲಿ ಒಂದೇ ದಿನದಲ್ಲಿ ಮುಗಿಯಿತು.

ಲಿಫ್ಟ್ ಈಗ ಓಡುತ್ತಿದೆ. ಲೋಡ್ ಇಳಿಯುವಾಗ ಕರೆಂಟ್ ಲೈನಿಗೇ ವಾಪಸ್ ಹೋಗುತ್ತದೆ, ರೆಸಿಸ್ಟರ್ ಬಾಕ್ಸ್ ಬಿಚ್ಚಿ ಮೂಲೆಗೆ ಇಟ್ಟಿದ್ದಾರೆ. ಒಂದು ಕಾಟ ಮಾತ್ರ ಉಳಿದಿದೆ. ಒಳಗೆ ಶಕ್ತಿ ಕೂಡಿಡುವ ದೊಡ್ಡ ಕೆಪಾಸಿಟರ್ ಇಲ್ಲದ್ದರಿಂದ ಲೈನ್ ಕಣ್ಣು ಮಿಟುಕಿಸಿದರೆ ಡ್ರೈವೂ ಮಿಟುಕಿಸುತ್ತದೆ. ಪಕ್ಕದ ಶೆಡ್ಡಿನವರು ದೊಡ್ಡ ವೆಲ್ಡಿಂಗ್ ಸೆಟ್ ಹಚ್ಚಿದಾಗ ಲಿಫ್ಟ್ ಬ್ರೇಕ್ ಹಾಕಿಕೊಂಡು ನಿಲ್ಲುತ್ತದೆ. ಎರಡು ಸೆಕೆಂಡ್ ಕಾದು ತಾನೇ ಹೊರಡುವ ಹಾಗೆ ಮಾಡಬಹುದಿತ್ತು. ಆದರೆ ಒಳಗೆ ಯಾರಾದರೂ ಮೂಟೆ ಎತ್ತುತ್ತಾ ನಿಂತಿದ್ದರೆ? ಹಾಗಾಗಿ ರೀಸೆಟ್ ಬಟನ್ ಕೈಯಲ್ಲೇ ಒತ್ತಬೇಕು ಅಂತ ಬಿಟ್ಟಿದ್ದೇನೆ.