ಥೈರಾಯ್ಡ್ ಊದಿದರೆ ಸೆಲೆನಿಯಂ ಕಡಿಮೆಯಂತೆ: ಇಂಥ ವರದಿ ಓದುವುದು ಹೇಗೆ?

'ಗಳಗಂಡದಲ್ಲಿ (ಅಂದರೆ ಕತ್ತಿನ ಥೈರಾಯ್ಡ್ ಗ್ರಂಥಿ ಊದಿದಾಗ) ಸೆಲೆನಿಯಂ ಅನ್ನುವ ಖನಿಜ ಕಡಿಮೆ' ಅಂತ ವಾಟ್ಸಾಪ್‌ನಲ್ಲಿ ಒಂದು ಸಾಲು ಬಂದರೆ ಸಾಕು, ಮನೆಯಲ್ಲಿ ಯಾರೋ ಒಬ್ಬರು ಮಾತ್ರೆ ಆರ್ಡರ್ ಮಾಡಿಬಿಡುತ್ತಾರೆ. ಸ್ವಲ್ಪ ತಡೆಯಿರಿ. ಇಂಥ ಸಾಲಿನ ಹಿಂದೆ ಥೈರಾಯ್ಡ್ ತುಣುಕು ತೆಗೆದು ಅದರಲ್ಲಿನ ಖನಿಜ ಅಳೆದ ಅಧ್ಯಯನ ಇರಬಹುದು. ಅದು ಸಿಕ್ಕರೆ ಅದರ ಕೋಷ್ಟಕ ತೆಗೆದು ನೋಡಿ.

ಮೊದಲು ಅಳತೆ. 'ಒಂದು ಗ್ರಾಂಗೆ ಇಷ್ಟು' ಅಂದರೆ ಹಸಿ ತೂಕಕ್ಕೋ, ಒಣಗಿಸಿದ ಮೇಲಿನ ತೂಕಕ್ಕೋ? ನೀರು ಹೋದ ಮೇಲೆ ಅದೇ ತುಣುಕಿನ ಸಂಖ್ಯೆ ಹಲವು ಪಟ್ಟು ದೊಡ್ಡದಾಗಿ ಕಾಣುತ್ತದೆ. ಒಂದು ಹಸಿ, ಇನ್ನೊಂದು ಒಣದಾದರೆ ಎರಡು ಅಧ್ಯಯನಗಳನ್ನು ಪಕ್ಕಪಕ್ಕ ಇಡಲೇಬೇಡಿ.

ಆಮೇಲೆ ಗ್ರಂಥಿಯ ಗಾತ್ರ. ಜನ ಎಡವುವುದು ಇಲ್ಲೇ. ಸುಮ್ನೆ ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳಿ: 20 ಗ್ರಾಂ ಗ್ರಂಥಿಯಲ್ಲಿ 10 ಮಿಲಿಗ್ರಾಂ ಅಯೋಡಿನ್, 60 ಗ್ರಾಂಗೆ ಊದಿದ ಇನ್ನೊಂದರಲ್ಲಿ 12. ಒಟ್ಟು ಜಾಸ್ತಿಯೇ ಇದೆ, ಆದರೆ ಒಂದು ಗ್ರಾಂ ಲೆಕ್ಕದಲ್ಲಿ 0.5 ಮಿಲಿಗ್ರಾಂನಿಂದ 0.2ಕ್ಕೆ ಇಳಿದಿದೆ. ಕೋಷ್ಟಕದಲ್ಲಿ 'ಕಡಿಮೆ' ಅಂತ ಕಂಡದ್ದು ಎಷ್ಟೋ ಸಲ ಇದೇ.

ಇನ್ನು 'ಆರೋಗ್ಯವಂತ' ತುಣುಕು ಎಲ್ಲಿಂದ ಬಂತು ಕೇಳಿ. ಚೆನ್ನಾಗಿರುವವರು ಯಾರೂ ಥೈರಾಯ್ಡ್ ಕುಯ್ದು ಕೊಡುವುದಿಲ್ಲ ಅಲ್ವಾ? ಒಂದೋ ಬೇರೆ ಕಾರಣಕ್ಕೆ ತೀರಿಕೊಂಡವರದು, ಇಲ್ಲವೇ ಆಪರೇಷನ್ ಆದವರದೇ ಗಂಟಿಲ್ಲದ ಪಕ್ಕದ ಭಾಗ. ಎರಡನೆಯದರಲ್ಲಿ ವಯಸ್ಸು, ಊಟ, ನೀರು ಒಂದೇ ಆಗಿರುತ್ತದೆ, ಅದು ಒಳ್ಳೆಯದೇ. ಆದರೆ ಆ ಭಾಗ ಪೂರ್ತಿ ಆರೋಗ್ಯವಾಗಿದೆ ಅನ್ನಲಾಗದು. ಎರಡೂ ಬಗೆಯ ತುಣುಕು ಇಟ್ಟ ಅಧ್ಯಯನವನ್ನು ನಾನು ಹೆಚ್ಚು ನಂಬುತ್ತೇನೆ. ಕತ್ತರಿಸಿದ ಚಾಕುವನ್ನೂ ಮರೆಯಬೇಡಿ: ಸ್ಟೀಲಿನದಾದರೆ ಕ್ರೋಮಿಯಂ, ನಿಕ್ಕಲ್ ಅದರಿಂದಲೇ ಸೇರಬಹುದು. ಒಳಗೆ ಉಳಿದ ರಕ್ತದಿಂದ ಕಬ್ಬಿಣ ಏರಿ ಕಾಣುತ್ತದೆ.

ಕೊನೆಗೆ, ಯಾವುದು ಕಾರಣ, ಯಾವುದು ಪರಿಣಾಮ? ಅಯೋಡಿನ್ ವಿಷಯದಲ್ಲಿ ಅನುಮಾನವಿಲ್ಲ. ಅದು ಸಾಲದಿದ್ದರೆ ಥೈರಾಯ್ಡ್ ಹಾರ್ಮೋನ್ ಕಡಿಮೆಯಾಗುತ್ತದೆ, ಇನ್ನಷ್ಟು ಕೆಲಸ ಮಾಡು ಅಂತ ಗ್ರಂಥಿಗೆ ಹೇಳುವ ಹಾರ್ಮೋನ್ ಟಿಎಸ್‌ಎಚ್ ಏರುತ್ತದೆ, ಗ್ರಂಥಿ ಊದುತ್ತದೆ. ವೈದ್ಯವಿಜ್ಞಾನಿ ವಿ. ರಾಮಲಿಂಗಸ್ವಾಮಿಯವರ ತಂಡ 1956ರಲ್ಲಿ ಈಗಿನ ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ಕೆಲವು ಕಡೆ ಅಯೋಡಿನ್ ಉಪ್ಪು, ಇನ್ನೊಂದು ಕಡೆ ಬರೀ ಉಪ್ಪು ಕೊಡಲು ಶುರುಮಾಡಿತು. ಅಯೋಡಿನ್ ಸಿಕ್ಕ ಕಡೆ ಗಳಗಂಡ ಗಣನೀಯವಾಗಿ ಇಳಿಯಿತು. ಕೊಟ್ಟು ನೋಡಿದ ಪುರಾವೆ ಅಂದರೆ ಅದು. ತುಣುಕು ಅಳೆದು ಸತು, ತಾಮ್ರ ಏರುಪೇರಾಗಿದೆ ಅಂದರೆ ಊದಿದ್ದರಿಂದಲೇ ಹಾಗಾಗಿರಲೂಬಹುದು. ಸೆಲೆನಿಯಂ, ಕಬ್ಬಿಣ ಎರಡೂ ಥೈರಾಯ್ಡ್ ಕೆಲಸಕ್ಕೆ ಬೇಕು, ನಿಜ. ಹಾಗಂತ ಸೆಲೆನಿಯಂ ಮಿತಿಮೀರಿ ನುಂಗುತ್ತಾ ಹೋದರೆ ಕೂದಲು ಉದುರಬಹುದು, ಉಗುರು ಮುರಿಯಬಹುದು.

ಕತ್ತು ದಪ್ಪಗಾಗಿದ್ದರೆ ಡಾಕ್ಟರಿಗೆ ತೋರಿಸಿ, ಟಿಎಸ್‌ಎಚ್ ಮಾಡಿಸಿ, ಅವರು ಹೇಳಿದರೆ ಸ್ಕ್ಯಾನ್. ಅಡುಗೆಮನೆಯ ಉಪ್ಪಿನ ಪ್ಯಾಕೆಟ್ ತಿರುಗಿಸಿ ನೋಡಿ. ಮನೆಗೆ ತಲುಪುವ ಉಪ್ಪಿನಲ್ಲಿ ಕನಿಷ್ಠ 15 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 15 ಭಾಗ) ಅಯೋಡಿನ್ ಇರಬೇಕು. ಕಲ್ಲುಪ್ಪು, ಸೈಂಧವ ಲವಣದಲ್ಲಿ ಅದು ಇರುತ್ತದೆ ಅಂತ ಅಂದುಕೊಳ್ಳಬೇಡಿ. ಅಯೋಡಿನ್ ಹಾರಿಹೋಗದಂತೆ ಡಬ್ಬಿ ಮುಚ್ಚಿಡಿ, ಉಪ್ಪನ್ನು ಅಡುಗೆಯ ಕೊನೆಗೆ ಹಾಕಿ. ಥೈರಾಯ್ಡ್ ಮಾತ್ರೆ ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗೂ ಅದಕ್ಕೂ 4 ಗಂಟೆ ಅಂತರ ಇರಲಿ.