ಮುಂಬಯಿಗೆ ಬರುವ ಕುಟುಂಬಗಳಿಗೆ: ಮನೆಗಿಂತ ಮೊದಲು ಸ್ಟೇಷನ್ ಹುಡುಕಿ

ಕರ್ನಾಟಕದಿಂದ ವರ್ಗವಾಗಿ ಬರುವವರು ನಮ್ಮ ಕನ್ನಡ ಸಂಘಕ್ಕೆ ಫೋನ್ ಮಾಡಿ ಮೊದಲು ಕೇಳುವುದು "ಯಾವ ಏರಿಯಾ ಒಳ್ಳೇದು?" ಅಂತ. ಮುಂಬಯಿಯಲ್ಲಿ ಈ ಪ್ರಶ್ನೆಗೆ ಉತ್ತರವಿಲ್ಲ. ಯಾವ ಲೈನು, ಯಾವ ಸ್ಟೇಷನ್ನು, ಸ್ಟೇಷನ್ನಿನಿಂದ ಮನೆಗೆ ಎಷ್ಟು ನಿಮಿಷ ಎಂಬುದು ಗೊತ್ತಾದರೆ ಏರಿಯಾ ತಾನಾಗಿ ಗೊತ್ತಾಗುತ್ತದೆ. ಬೆಂಗಳೂರಿನಲ್ಲಿ ಜಯನಗರ, ಮಲ್ಲೇಶ್ವರ ಅಂತ ಹೆಸರು ಕೇಳಿ ಆರಿಸಿದ ಹಾಗೆ ಇಲ್ಲಿ ಆರಿಸಿದರೆ ವರ್ಷ ತುಂಬುವ ಮೊದಲೇ ಇನ್ನೊಂದು ಮನೆ ಹುಡುಕಬೇಕು, ಬ್ರೋಕರಿಗೆ ಇನ್ನೊಂದು ಸಲ ಕಮಿಷನ್ ಕೊಡಬೇಕು.

ಊರು ತೆಂಗಿನ ಮರದ ಹಾಗೆ ಉದ್ದಕ್ಕೆ ಬೆಳೆದಿದೆ. ಪಶ್ಚಿಮ ಲೈನು ಚರ್ಚ್‌ಗೇಟಿನಿಂದ ದಾದರ್, ಅಂಧೇರಿ, ಬೋರಿವಲಿ ದಾಟಿ ವಿರಾರ್ ಕಡೆಗೆ. ಮಧ್ಯ ಲೈನು ಸಿಎಸ್‌ಎಂಟಿಯಿಂದ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ದಾದರ್, ಕುರ್ಲಾ, ಘಾಟ್ಕೋಪರ್, ಠಾಣೆ, ಡೊಂಬಿವಲಿ, ಕಲ್ಯಾಣ. ಹಾರ್ಬರ್ ಲೈನು ಸಿಎಸ್‌ಎಂಟಿಯಿಂದ ವಡಾಲ, ಕುರ್ಲಾ, ಚೆಂಬೂರು, ವಾಶಿ, ಪನ್ವೇಲ್. ಇದಲ್ಲದೆ ಠಾಣೆಯಿಂದ ಐರೋಲಿ, ಘಣಸೋಲಿ ಮೂಲಕ ವಾಶಿ, ಪನ್ವೇಲ್ ಕಡೆ ಹೋಗುವ ಟ್ರಾನ್ಸ್‌ಹಾರ್ಬರ್. ಬೆಳಿಗ್ಗೆ ಎಂಟರಿಂದ ಹತ್ತೂವರೆ ತನಕ ಜನವೆಲ್ಲ ದಕ್ಷಿಣಕ್ಕೆ, ಸಂಜೆ ಐದೂವರೆಯಿಂದ ಎಂಟೂವರೆ ತನಕ ಉತ್ತರಕ್ಕೆ. ಇದಕ್ಕೆ ಎದುರು ದಿಕ್ಕಿನಲ್ಲಿ ಓಡಾಡುವ ನೌಕರಿ ನಿಮ್ಮದಾದರೆ, ಅಂದರೆ ಮಾಟುಂಗಾದಲ್ಲಿ ಮನೆ, ಠಾಣೆಯಲ್ಲಿ ಆಫೀಸು ಅನ್ನುವ ಹಾಗಿದ್ದರೆ, ಬಾಡಿಗೆ ಸ್ವಲ್ಪ ಹೆಚ್ಚಾದರೂ ಒಪ್ಪಿಕೊಳ್ಳಿ. ಸೀಟು ಸಿಗುವ ಪ್ರಯಾಣಕ್ಕೂ ಬಾಗಿಲಲ್ಲಿ ಜೋತಾಡುವ ಪ್ರಯಾಣಕ್ಕೂ ಇರುವ ವ್ಯತ್ಯಾಸ ತಿಂಗಳಿಗೆ ಐವತ್ತು ಸಲ ಗೊತ್ತಾಗುತ್ತದೆ.

ಕಿಲೋಮೀಟರಿನ ಲೆಕ್ಕ ಬಿಡಿ. ಸಿಎಸ್‌ಎಂಟಿಯಿಂದ ಠಾಣೆಗಿರುವ ಸುಮಾರು 34 ಕಿ.ಮೀ. ದೊಡ್ಡ ಸ್ಟೇಷನ್ನುಗಳಲ್ಲಷ್ಟೇ ನಿಲ್ಲುವ ಫಾಸ್ಟ್ ಲೋಕಲ್‌ನಲ್ಲಿ ಮುಕ್ಕಾಲು ಗಂಟೆಯೊಳಗೆ ಮುಗಿಯುತ್ತದೆ, ಎಲ್ಲ ಕಡೆ ನಿಲ್ಲುವ ಸ್ಲೋದಲ್ಲಿ ಒಂದು ಗಂಟೆ. ಆದ್ದರಿಂದ ಫಾಸ್ಟ್ ನಿಲ್ಲದ ಸ್ಟೇಷನ್ನಿನ ಹತ್ತಿರದ ಮನೆ ನಕ್ಷೆಯಲ್ಲಿ ಹತ್ತಿರ ಕಂಡರೂ ಗಡಿಯಾರದಲ್ಲಿ ದೂರ. ಇನ್ನೊಂದು ಸೂಕ್ಷ್ಮ: ಫಾಸ್ಟ್ ನಿಂತರೆ ಸಾಲದು, ಹತ್ತಲು ಜಾಗ ಇರಬೇಕು. ಕಲ್ಯಾಣದ ಆಚೆಯಿಂದ ಬರುವ ಗಾಡಿ ಡೊಂಬಿವಲಿಗೆ ಬರುವಾಗಲೇ ತುಂಬಿರುತ್ತದೆ, ವಿರಾರಿನ ಫಾಸ್ಟ್ ಬೋರಿವಲಿಯಲ್ಲಿ ಹಾಗೆಯೇ. ಬೋರಿವಲಿ, ಅಂಧೇರಿ, ಠಾಣೆ, ಡೊಂಬಿವಲಿ, ಕಲ್ಯಾಣದಂಥ ಸ್ಟೇಷನ್ನುಗಳಿಂದಲೇ ಹೊರಡುವ ಲೋಕಲ್‌ಗಳಿವೆ. ನಿಮ್ಮ ಹೊತ್ತಿಗೆ ಅಂಥದ್ದು ಇದೆಯೇ ಎಂದು ಟೈಮ್‌ಟೇಬಲ್‌ನಲ್ಲಿ ನೋಡಿ. ಹಿಂದಿನ ಸ್ಟೇಷನ್ನಿಗೆ ಹೋಗಿ ಸೀಟು ಹಿಡಿದು ಅದೇ ಗಾಡಿಯಲ್ಲಿ ವಾಪಸ್ ಬರುವವರೂ ಉಂಟು. ಅದಕ್ಕೆ ಪಾಸು ಆ ದೂರದ ಸ್ಟೇಷನ್ನಿನ ತನಕ ಇರಬೇಕು, ಇಲ್ಲದಿದ್ದರೆ ಟಿಕೆಟ್ ಪರೀಕ್ಷಕ ದಂಡ ಹಾಕುತ್ತಾನೆ.

ಮನೆ ನೋಡಲು ಭಾನುವಾರ ಬಂದು, ಲೋಕಲ್ ಖಾಲಿ ಇದೆಯಲ್ಲ ಎಂದು ಮೋಸ ಹೋಗಬೇಡಿ. ಭಾನುವಾರದ ಟೈಮ್‌ಟೇಬಲೇ ಬೇರೆ, ಹಳಿ ದುರಸ್ತಿಯ ಮೆಗಾಬ್ಲಾಕ್ ಇದ್ದರೆ ಗಾಡಿಗಳು ಎಲ್ಲಿಂದೆಲ್ಲಿಗೋ ತಿರುಗುತ್ತವೆ. ಸೋಮವಾರ ಅಥವಾ ಮಂಗಳವಾರ ಬೆಳಿಗ್ಗೆ ಎಂಟೂವರೆಗೆ ಮನೆಯ ಗೇಟಿನಿಂದ ಹೊರಟು ಆಫೀಸಿನ ಬಾಗಿಲ ತನಕ ಹೋಗಿ. ಶೇರ್ ಆಟೋದ ಸಾಲು, ಮೇಲ್ಸೇತುವೆ ಹತ್ತಿಳಿಯುವುದು, ಬಿಟ್ಟುಹೋದ ಒಂದು ಗಾಡಿ, ಆ ಕಡೆ ಇಳಿದ ಮೇಲಿನ ನಡಿಗೆ, ಎಲ್ಲವನ್ನೂ ಸೇರಿಸಿ. ಸಂಜೆ ವಾಪಸ್ ಬರುವುದನ್ನೂ ಅದೇ ದಿನ ನೋಡಿ. ಒಂದೊಂದು ಕಡೆಗೆ ಒಂದೂಕಾಲು ಗಂಟೆ ಮೀರಿದರೆ, ಚಿಕ್ಕ ಮಕ್ಕಳಿರುವ ಮನೆಗೆ ಅದು ಆಗಿಬರುವುದಿಲ್ಲ ಎಂಬುದು ನಮ್ಮ ಅಭಿಪ್ರಾಯ. ಹೀಗೆ ಓಡಾಡಿ ನೋಡಲು ಹದಿನೈದು ದಿನ ಬೇಕು. ಕಂಪನಿಯ ಗೆಸ್ಟ್‌ಹೌಸೋ ನೆಂಟರ ಮನೆಯೋ ಸಿಕ್ಕಿದರೆ ಕುಟುಂಬ ಬರುವ ಮೊದಲು ಒಬ್ಬರು ಬಂದು ಇದನ್ನು ಮುಗಿಸಿ.

ಯಾವ ಆಫೀಸಿಗೆ ಯಾವ ಕಡೆ ಎಂಬುದನ್ನು ಈಗ ಮೆಟ್ರೋ ಬಹಳ ಬದಲಿಸಿದೆ. ವರ್ಸೋವಾ, ಅಂಧೇರಿ, ಘಾಟ್ಕೋಪರ್ ಕೂಡಿಸುವ ಮೊದಲ ಮೆಟ್ರೋ 2014ರಿಂದ ಇದೆ. ಆರೆಯಿಂದ ಕಫ್ ಪರೇಡ್ ತನಕ ನೆಲದಡಿಯ ಮೂರನೇ ಮೆಟ್ರೋ ಪೂರ್ತಿ ಓಡಲು ಶುರುವಾದದ್ದು 2025ರ ಅಕ್ಟೋಬರಿನಲ್ಲಿ. ಇವೆರಡೂ ಮರೋಳ್ ನಾಕಾದಲ್ಲಿ ಕೂಡುತ್ತವೆ. ಬಿಕೆಸಿಯಲ್ಲಿ (ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್ ಎಂಬ ಕಚೇರಿಗಳ ಪ್ರದೇಶ) ಕೆಲಸವಿರುವವರು ಮೊದಲು ಬಾಂದ್ರಾದಲ್ಲೋ ಕುರ್ಲಾದಲ್ಲೋ ಇಳಿದು ಬಸ್ಸು, ಶೇರ್ ಆಟೋಕ್ಕೆ ಕಾಯಬೇಕಿತ್ತು. ಈಗ ಮರೋಳ್, ಸೀಪ್ಜ್ ಕಡೆ ಮನೆ ಮಾಡಿದರೆ ನೇರ ಬಿಕೆಸಿಯೊಳಗೇ ಇಳಿಯಬಹುದು. ಐರೋಲಿ, ಘಣಸೋಲಿ, ಮಹಾಪೆಯ ಐಟಿ ಕಚೇರಿಗಳಿಗೆ ಹೋಗುವವರಿಗೆ ಠಾಣೆ, ಇಲ್ಲವೇ ನವಿಮುಂಬಯಿಯ ಐರೋಲಿ, ಕೋಪರ್‌ಖೈರಣೆ, ವಾಶಿ, ನೆರೂಳ್ ಸರಿ. ಪವಾಯಿ ಚಂದ, ಆದರೆ ಅಲ್ಲಿ ರೈಲ್ವೆ ಸ್ಟೇಷನ್ ಇಲ್ಲ. ಹತ್ತಿರದ್ದು ಕಾಂಜೂರ್‌ಮಾರ್ಗ್. ಆಫೀಸೂ ಪವಾಯಿಯಲ್ಲೇ ಇದ್ದರೆ ಮಾತ್ರ ಅದನ್ನು ಯೋಚಿಸಿ. ಗಂಡ ಹೆಂಡತಿ ಇಬ್ಬರೂ ದುಡಿಯುವವರಾಗಿ ಆಫೀಸು ಎರಡು ದಿಕ್ಕಿಗಿದ್ದರೆ ದಾದರ್, ಕುರ್ಲಾ, ಅಂಧೇರಿ, ಘಾಟ್ಕೋಪರ್, ಠಾಣೆಯಂಥ, ಲೈನುಗಳು ಕೂಡುವ ಜಾಗದಿಂದ ಒಂದೆರಡು ಸ್ಟೇಷನ್ ಆಚೀಚೆ ಹುಡುಕಿ. ಮಾಹಿಮ್, ಸಯನ್ ದಾಟಿ ದಕ್ಷಿಣಕ್ಕೆ ಆಟೋ ಬರುವುದಿಲ್ಲ, ಟ್ಯಾಕ್ಸಿ, ಬಸ್ಸು ಮಾತ್ರ. ವಯಸ್ಸಾದವರು ಜೊತೆಗಿದ್ದರೆ ಇದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಮಕ್ಕಳ ಶಾಲೆ

ಮಹಾರಾಷ್ಟ್ರದಲ್ಲಿ 2020ರ ಕಾನೂನಿನ ಪ್ರಕಾರ ಯಾವ ಬೋರ್ಡಿನ ಶಾಲೆಯಾದರೂ ಮರಾಠಿ ಕಲಿಸಲೇಬೇಕು. ಒಂದು, ಎರಡನೇ ತರಗತಿಯ ಮಗುವಿಗೆ ಇದು ಕಷ್ಟವಲ್ಲ. ಹಿಂದಿ ಓದಲು ಬಂದರೆ ಲಿಪಿ ಅರ್ಧ ಕಲಿತಂತೆಯೇ, ಮರಾಠಿಯದೂ ದೇವನಾಗರಿ. ಎಂಟನೇ ತರಗತಿಯ ಮೇಲಾದರೆ ಶಾಲೆಗೆ ಹೋಗಿ, ಹೊರರಾಜ್ಯದಿಂದ ಬಂದವರಿಗೆ ಮರಾಠಿಯ ಪರೀಕ್ಷೆ ಹೇಗೆ ಮಾಡುತ್ತೀರಿ ಎಂದು ನೇರವಾಗಿ ಕೇಳಿ. ಒಂಬತ್ತು ಮುಗಿದು ಹತ್ತಕ್ಕೆ ಹೋಗುವ ಮಗುವಿನ ಬೋರ್ಡು ಬದಲಾಯಿಸಬೇಡಿ. ಆಗದಿದ್ದರೆ ಆ ಒಂದು ವರ್ಷ ಕುಟುಂಬ ಊರಲ್ಲೇ ಇರುವುದು ವಾಸಿ. ಒಂದನೇ ತರಗತಿಗೆ ರಾಜ್ಯದ ನಿಯಮದಂತೆ ಡಿಸೆಂಬರ್ 31ಕ್ಕೆ ಆರು ವರ್ಷ ತುಂಬಿರಬೇಕು. ಶಾಲೆಗಳು ತಮ್ಮದೇ ಗಡುವು ಇಡುವುದೂ ಉಂಟು.

ಊರಿನ ಶಾಲೆಯಿಂದ ಟಿಸಿ (ವರ್ಗಾವಣೆ ಪತ್ರ) ತರುವಾಗ ಅದಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಹಾಕಿಸಿಕೊಂಡೇ ಬನ್ನಿ. ಆ ಸಹಿ ಇಲ್ಲ ಎಂದು ಇಲ್ಲಿನ ಶಾಲೆ ವಾಪಸ್ ಕಳಿಸಿದರೆ ಅದೊಂದಕ್ಕೇ ಊರಿಗೆ ಹೋಗಿ ಬರಬೇಕಾಗುತ್ತದೆ. ಕರ್ನಾಟಕದ ಶಾಲೆ ಕೊಟ್ಟ ಮಗುವಿನ ಸ್ಯಾಟ್ಸ್ ಸಂಖ್ಯೆ, ಪೆನ್ (ಕಾಯಂ ಶಿಕ್ಷಣ) ಸಂಖ್ಯೆ, ಹಿಂದಿನ ಎರಡು ವರ್ಷದ ಅಂಕಪಟ್ಟಿ ಜೊತೆಗಿರಲಿ. ಮನೆ ಗೊತ್ತುಮಾಡುವ ಮೊದಲೇ ಶಾಲೆಯಲ್ಲಿ ಸೀಟು ಖಚಿತಪಡಿಸಿಕೊಳ್ಳಿ. ಮಗು ಲೋಕಲ್ ಹತ್ತಿ ಶಾಲೆಗೆ ಹೋಗುವ ಹಾಗಾಗಬಾರದು, ನಡೆದು ಹೋಗುವಷ್ಟು ಹತ್ತಿರವಿದ್ದರೆ ಬೆಳಿಗ್ಗೆ ಒಂದು ಗಂಟೆ ಉಳಿಯುತ್ತದೆ. ಮಗು ಕನ್ನಡವನ್ನೂ ಓದಲಿ ಎನ್ನುವವರು ನ್ಯಾಷನಲ್ ಕನ್ನಡ ಎಜುಕೇಶನ್ ಸೊಸೈಟಿಯ ಶಾಲೆಯನ್ನೂ ಮಹಾನಗರಪಾಲಿಕೆಯ ಕನ್ನಡ ಮಾಧ್ಯಮ ಶಾಲೆಗಳನ್ನೂ ಒಮ್ಮೆ ನೋಡಿ ಬರಬಹುದು.

ಕನ್ನಡದ ಜನ ಎಲ್ಲಿ?

ಎಲ್ಲೆಲ್ಲೂ. ಮಾಟುಂಗಾದಲ್ಲಿ 1926ರ ಮೈಸೂರು ಅಸೋಸಿಯೇಷನ್, ಮಾಹಿಮಿನಲ್ಲಿ ಕರ್ನಾಟಕ ಸಂಘ, ಸಾಂತಾಕ್ರೂಜ್‌ನಲ್ಲಿ ಪೇಜಾವರ ಮಠ, ಕಲಿನಾದಲ್ಲಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ. ಚೆಂಬೂರು, ಡೊಂಬಿವಲಿ, ಠಾಣೆ, ಮೀರಾರೋಡು ಕಡೆಯೂ ನಮ್ಮವರು ಬೇಕಾದಷ್ಟಿದ್ದಾರೆ. ಆದರೆ ಇದೊಂದನ್ನೇ ನೋಡಿ ಮನೆ ಹಿಡಿಯಬೇಡಿ. ಬಾಳೆಲೆ, ನುಗ್ಗೆಕಾಯಿ, ಮಂಗಳೂರು ಸೌತೆಗೆ ವಾರಕ್ಕೊಮ್ಮೆ ಮಾಟುಂಗಾ ಮಾರ್ಕೆಟ್ಟಿಗೆ ಹೋಗಿ ಬರಬಹುದು, ಆಫೀಸಿಗೆ ದಿನವೂ ಹೋಗಬೇಕು. ಅದಕ್ಕಿಂತ ಊರಿನ ಗಾಡಿ ಎಲ್ಲಿ ನಿಲ್ಲುತ್ತದೆ ಎಂದು ನೋಡುವುದರಲ್ಲಿ ಅರ್ಥವಿದೆ. ಕರಾವಳಿಯ ಮತ್ಸ್ಯಗಂಧ ಠಾಣೆ, ಪನ್ವೇಲ್‌ನಲ್ಲಿ ನಿಲ್ಲುತ್ತದೆ. ಕಲಬುರಗಿ, ರಾಯಚೂರು ಕಡೆಯ ಉದ್ಯಾನ್ ಎಕ್ಸ್‌ಪ್ರೆಸ್ಸಿಗೆ ಕಲ್ಯಾಣ ಅನುಕೂಲ. ಹುಬ್ಬಳ್ಳಿ, ಬೆಳಗಾವಿಯ ಕಡೆ ಹೋಗುವ ಚಾಲುಕ್ಯ, ಶರಾವತಿ ಹೊರಡುವುದು ದಾದರಿನಿಂದ. ಅಪ್ಪ ಅಮ್ಮ ಚೀಲ ಗಂಟು ಹೊತ್ತು ಬರುವಾಗ ಇದರ ಬೆಲೆ ತಿಳಿಯುತ್ತದೆ.

ಮನೆ ನೋಡುವಾಗ

ಸಾಧ್ಯವಾದರೆ ಮಳೆಗಾಲದಲ್ಲಿ ನೋಡಿ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಸುರಿದದ್ದು ಅಪರೂಪ ನಿಜ. ಆದರೆ ಹಿಂದ್‌ಮಾತಾ, ಮಾಟುಂಗಾದ ಗಾಂಧಿ ಮಾರ್ಕೆಟ್, ಸಯನ್, ಅಂಧೇರಿ ಸಬ್‌ವೇ, ಮಿಲನ್ ಸಬ್‌ವೇ, ಮೀಠಿ ನದಿ ಬದಿಯ ಕುರ್ಲಾದಲ್ಲಿ ನೀರು ನಿಲ್ಲುವುದು ಸಾಮಾನ್ಯ. ಕಾರಣ ಸರಳ: ಜೋರು ಮಳೆಯ ಹೊತ್ತಿಗೇ ಸಮುದ್ರದಲ್ಲಿ ನಾಲ್ಕೂವರೆ ಮೀಟರಿನ ಮೇಲೆ ಭರತ ಬಂದರೆ ಚರಂಡಿಯ ನೀರು ಹೊರಗೆ ಹೋಗುವುದಿಲ್ಲ. ಬೇಸಿಗೆಯಲ್ಲಿ ನೋಡುವವರು ಬ್ರೋಕರನ್ನು ಬಿಟ್ಟು, ಕೆಳಗಿನ ಕಿರಾಣಿ ಅಂಗಡಿಯವನನ್ನು "ಜುಲೈಯಲ್ಲಿ ನೀರು ಎಲ್ಲಿ ತನಕ ಬರುತ್ತದೆ?" ಎಂದು ಕೇಳಿ. ಅಂಗಡಿಯ ಫ್ರಿಜ್ಜನ್ನು ಇಟ್ಟಿಗೆಯ ಮೇಲೆ ಎತ್ತಿಟ್ಟಿದ್ದರೆ ಕೇಳುವ ಅಗತ್ಯವೂ ಇಲ್ಲ.

ಒಳಗೆ ಹೋದಾಗ ಪಶ್ಚಿಮ, ನೈಋತ್ಯಕ್ಕಿರುವ ಗೋಡೆಗೆ ಅಂಗೈ ಒತ್ತಿ ನೋಡಿ. ಮಳೆ ಬಡಿಯುವುದು ಆ ಕಡೆಯಿಂದ. ಹೊಸ ಬಣ್ಣ ಒಂದೇ ಗೋಡೆಗೆ ಬಳಿದಿದ್ದರೆ ಅನುಮಾನ ಪಡಿ. ಕಿಟಕಿಯ ಕೆಳಮೂಲೆಯಲ್ಲಿ ಉಪ್ಪಿನಂಥ ಬಿಳಿ ಪುಡಿ, ಗೋಡೆ ಕಪಾಟು ತೆಗೆದಾಗ ಮುಗ್ಗಲು ವಾಸನೆ, ಬಚ್ಚಲಿನ ಚಾವಣಿಯಲ್ಲಿ ಹಳದಿ ವೃತ್ತ, ಇವು ಮೂರೂ ಸೋರಿಕೆಯ ಗುರುತು. ಕೊನೆಯ ಮಹಡಿಯಾದರೆ ತಾರಸಿಗೆ ಹತ್ತಿ, ಶೀಟ್ ಹೊದಿಸಿದ್ದಾರೆಯೇ ನೋಡಿ. ಅಳತೆಗೆ ಟೇಪು ಒಯ್ಯಿರಿ. ಬ್ರೋಕರ್ 650 ಚದರಡಿ ಎಂದರೆ ಅದು ಗೋಡೆಗಳನ್ನೂ ಸೇರಿಸಿದ ಬಿಲ್ಟ್‌ಅಪ್ ಅಳತೆ, ನಿಮಗೆ ಬೇಕಾದದ್ದು ಗೋಡೆಯೊಳಗಿನ ಕಾರ್ಪೆಟ್ ಅಳತೆ. ಲಿಫ್ಟಿನ ಬಾಗಿಲನ್ನೂ ಅಳೆಯಿರಿ. ಊರಿನ ತೇಗದ ಕಪಾಟು ಲಿಫ್ಟಿಗೂ ಹಿಡಿಸದೆ ಮೆಟ್ಟಿಲಲ್ಲೂ ತಿರುಗದೆ ಕೆಳಗೇ ಉಳಿಯಬಾರದು.

ನೀರು ಎಷ್ಟು ಹೊತ್ತಿಗೆ, ಎಷ್ಟು ಗಂಟೆ ಬಿಡುತ್ತಾರೆ ಎಂದು ವಾಚ್‌ಮನ್ನನ್ನು ಕೇಳಿ. ಬೆಳಿಗ್ಗೆ ಎರಡು ತಾಸು ಮಾತ್ರ ಬಿಡುವ ಹೌಸಿಂಗ್ ಸೊಸೈಟಿಗಳಿವೆ. ಆಗ ಮನೆಯೊಳಗೆ ಟ್ಯಾಂಕ್ ಇರಲೇಬೇಕು. ಠಾಣೆಯ ಘೋಡ್‌ಬಂದರ್ ರಸ್ತೆಯ ಹೊಸ ಕಟ್ಟಡಗಳಲ್ಲಿ ಟ್ಯಾಂಕರ್ ಎಷ್ಟು ಬರುತ್ತದೆ, ಅದರ ದುಡ್ಡು ಯಾರು ಕೊಡುತ್ತಾರೆ ಎಂದೂ ಕೇಳಿ. ಕರೆಂಟು, ಪೈಪ್ ಗ್ಯಾಸಿನ ತಲೆಬಿಸಿ ಇಲ್ಲಿ ಕಡಿಮೆ, ಹಳೆಯ ಬಿಲ್ ಬಾಕಿ ಇಲ್ಲದಿದ್ದರೆ ಸಾಕು. ಮೀನು ಮಾಂಸ ಬೇಯಿಸುವವರು ಅದನ್ನು ಮೊದಲೇ ಹೇಳಿಬಿಡಿ. ಕೆಲವು ಸೊಸೈಟಿಗಳಲ್ಲಿ ಬಿಡುವುದಿಲ್ಲ, ಟೋಕನ್ (ಮುಂಗಡ) ಕೊಟ್ಟ ಮೇಲೆ ಗೊತ್ತಾದರೆ ಆ ಹಣ ವಾಪಸ್ ಬರುವುದು ಕಷ್ಟ.

ಕರಾರು, ಡಿಪಾಸಿಟ್ಟು

ಇಲ್ಲಿ ಬಾಡಿಗೆ ಎಂದರೆ ಲೀವ್ ಆಂಡ್ ಲೈಸೆನ್ಸ್ ಕರಾರು, ಸಾಮಾನ್ಯವಾಗಿ 11 ತಿಂಗಳದ್ದು. 1999ರ ಬಾಡಿಗೆ ಕಾಯ್ದೆಯಂತೆ ಇದನ್ನು ನೋಂದಾಯಿಸಲೇಬೇಕು, ಹೊಣೆ ಮಾಲೀಕರದ್ದು. ಬರೀ ನೋಟರಿ ಸಾಕು ಎಂದವರ ಮನೆ ಬೇಡ. ಸ್ಟ್ಯಾಂಪ್ ಶುಲ್ಕ ಹೆಚ್ಚೇನಲ್ಲ: 35,000 ರೂ. ಬಾಡಿಗೆ, ಒಂದು ಲಕ್ಷ ಡಿಪಾಸಿಟ್ ಎಂದಿಟ್ಟುಕೊಳ್ಳಿ. 11 ತಿಂಗಳ ಬಾಡಿಗೆ 3,85,000. ಡಿಪಾಸಿಟ್ಟಿನ ಮೇಲೆ ವರ್ಷಕ್ಕೆ ಶೇ. 10ರ ಲೆಕ್ಕದಲ್ಲಿ ಸುಮಾರು 9,200 ಸೇರಿಸಿ, ಒಟ್ಟಿನ ಶೇ. 0.25 ಎಂದರೆ ಸಾವಿರ ರೂಪಾಯಿಯ ಆಸುಪಾಸು. ನೋಂದಣಿ ಶುಲ್ಕ ನಗರದಲ್ಲಿ ಇನ್ನೊಂದು ಸಾವಿರ. ಏಜೆಂಟ್ ಬೆರಳಚ್ಚಿನ ಯಂತ್ರ ತಂದು ಮನೆಯಲ್ಲೇ ಮುಗಿಸುತ್ತಾನೆ, ಅವನ ಕೂಲಿ ಬೇರೆ. ಬ್ರೋಕರಿಗೆ ಒಂದು ತಿಂಗಳ ಬಾಡಿಗೆ ರೂಢಿ. ಕರಾರು ನವೀಕರಿಸುವಾಗ ಮತ್ತೆ ಕೇಳುವುದಿಲ್ಲ ಎಂದು ಮೊದಲೇ ಬರೆಸಿಕೊಳ್ಳಿ.

ನಮ್ಮ ಕಡೆಯ ಭೋಗ್ಯದ ಹಾಗೆ ಇಲ್ಲಿ "ಹೆವಿ ಡಿಪಾಸಿಟ್" ಇದೆ: ಹತ್ತು ಹದಿನೈದು ಲಕ್ಷ ಒಟ್ಟಿಗೆ ಕೊಟ್ಟು ಬಾಡಿಗೆ ಇಲ್ಲದೆ ಇರುವುದು. ಮಾಲೀಕ ಬ್ಯಾಂಕಿನ ಕಂತು ಕಟ್ಟದೆ ಮನೆ ಜಪ್ತಿಯಾದರೆ ನಿಮ್ಮ ದುಡ್ಡು ಸಿಕ್ಕಿಹಾಕಿಕೊಂಡಂತೆ. ಹೊಸಬರು ಇದರ ತಂಟೆಗೆ ಹೋಗದಿರುವುದೇ ಮೇಲು. ಹಿಂದೆ ಒಟ್ಟಿಗೆ ದೊಡ್ಡ ಮೊತ್ತ ಕೊಟ್ಟು ಕಡಿಮೆ ಬಾಡಿಗೆಗೆ ಹಿಡಿದ "ಪಗಡಿ" ಮನೆಯನ್ನು ಬಾಡಿಗೆಗೆ ಕೊಡುತ್ತೇವೆ ಎಂದರೂ ಬೇಡ. ಅಲ್ಲಿರುವವರೇ ಬಾಡಿಗೆದಾರರು, ಕಟ್ಟಡದ ಮಾಲೀಕರ ಒಪ್ಪಿಗೆ ಇಲ್ಲದೆ ಅವರಿಗೆ ಕೊಡುವ ಹಕ್ಕಿಲ್ಲ.

ಕರಾರಿನಲ್ಲಿ ಲಾಕ್‌ಇನ್ ಎಷ್ಟು ತಿಂಗಳೆಂದು ಓದಿ. ಅದರೊಳಗೆ ಬಿಟ್ಟರೆ ಉಳಿದ ತಿಂಗಳ ಬಾಡಿಗೆಯನ್ನೂ ಕೊಡಬೇಕಾಗುತ್ತದೆ, ಆರು ತಿಂಗಳಿಗಿಂತ ಹೆಚ್ಚಿಗೆ ಒಪ್ಪಬೇಡಿ. ಅವಧಿ ಮುಗಿದ ಮೇಲೂ ನವೀಕರಿಸದೆ ಉಳಿದರೆ ಎರಡರಷ್ಟು ಬಾಡಿಗೆ ವಸೂಲಿ ಮಾಡುವ ಅವಕಾಶ ಕಾಯ್ದೆಯಲ್ಲೇ ಮಾಲೀಕರಿಗಿದೆ. ಹತ್ತನೇ ತಿಂಗಳಿಗೇ ಮಾತಾಡಿ. ಪೊಲೀಸ್ ಠಾಣೆಗೆ ಬಾಡಿಗೆದಾರರ ಮಾಹಿತಿ ಕೊಟ್ಟ ರಸೀದಿಯ ಪ್ರತಿಯನ್ನು ಮಾಲೀಕರಿಂದ ಇಸಿದುಕೊಳ್ಳಿ, ಸಾಮಾನು ಲಾರಿ ಬಂದ ದಿನ ಗೇಟಿನಲ್ಲಿ ಸೊಸೈಟಿಯವರು ಅದನ್ನು ಕೇಳುತ್ತಾರೆ. ಲಾರಿಗೆ ಎಷ್ಟು ಹೊತ್ತಿನ ತನಕ ಒಳಗೆ ಬಿಡುತ್ತಾರೆ, ಲಿಫ್ಟ್ ಬಳಸಲು ಎಷ್ಟು ಕಟ್ಟಬೇಕು ಎಂದು ಸೆಕ್ರೆಟರಿಯ ಹತ್ತಿರ ಎರಡು ದಿನ ಮೊದಲೇ ಕೇಳಿಟ್ಟುಕೊಳ್ಳಿ. ಬೀಗದ ಕೈ ಸಿಕ್ಕ ಕೂಡಲೆ ಮೀಟರಿನ ಅಂಕಿ, ಒಡೆದ ಟೈಲು, ಬಿರುಕು ಬಿಟ್ಟ ಸಿಂಕು, ಗೋಡೆಯ ಕಲೆಗಳ ಫೋಟೋ ತೆಗೆದು ಅದೇ ದಿನ ಮಾಲೀಕರಿಗೆ ವಾಟ್ಸಾಪ್ ಮಾಡಿ, "ನೋಡಿದೆ" ಎಂಬ ಉತ್ತರ ಬರುವ ತನಕ ಬಿಡಬೇಡಿ.