ಸ್ಟೇಟಸ್ ಮ್ಯಾಚ್: ಅರ್ಜಿಗಿಂತ ಮೊದಲು ಕ್ಯಾಲೆಂಡರ್

ಒಂದು ವಿಮಾನ ಕಂಪನಿಯಲ್ಲಿ ಪದೇ ಪದೇ ಹಾರಿ ಸಂಪಾದಿಸಿದ ಸದಸ್ಯತ್ವದ ದರ್ಜೆಯನ್ನು (ಸಿಲ್ವರ್, ಗೋಲ್ಡ್ ಇತ್ಯಾದಿ) ತೋರಿಸಿ, ಇನ್ನೊಂದು ಕಂಪನಿಯಲ್ಲೂ ಅದಕ್ಕೆ ಸಮನಾದ ದರ್ಜೆ ಪಡೆಯುವುದೇ ಸ್ಟೇಟಸ್ ಮ್ಯಾಚ್. ಅರ್ಜಿ ತುಂಬುವುದು ಹತ್ತು ನಿಮಿಷದ ಕೆಲಸ. ಲಾಭನಷ್ಟ ನಿಂತಿರುವುದು ಅದನ್ನು ಯಾವ ದಿನ ಹಾಕುತ್ತೀರಿ ಎಂಬುದರ ಮೇಲೆ. ಹೊಸ ದರ್ಜೆ ಉಳಿಸಿಕೊಳ್ಳಲು ಕೊಡುವ ಗಡುವು ಸಾಮಾನ್ಯವಾಗಿ ಕಂಪನಿ ಅರ್ಜಿ ಒಪ್ಪಿದ ದಿನದಿಂದಲೇ ಓಡತೊಡಗುತ್ತದೆ. ನೀವು ಮೊದಲ ವಿಮಾನ ಹತ್ತುವವರೆಗೆ ಕಾಯುವುದಿಲ್ಲ.

ಹಾಗಾಗಿ ನಾನು ಮೊದಲು ಬರೆದುಕೊಳ್ಳುವುದು ಮುಂದಿನ ಆರು ತಿಂಗಳಲ್ಲಿ ಹೋಗಲೇಬೇಕಾದ ಪ್ರಯಾಣಗಳನ್ನು. ಸಾಧ್ಯವಾದರೆ ಹೋಗೋಣ ಅನ್ನುವಂಥವು ಲೆಕ್ಕಕ್ಕಿಲ್ಲ. ಪ್ರತಿ ಪ್ರಯಾಣದ ಮುಂದೆ ಮೂರು ವಿಷಯ: ದಿನಾಂಕ, ವಿಮಾನವನ್ನು ನಿಜವಾಗಿ ಹಾರಿಸುವ ಕಂಪನಿ, ತೆರಿಗೆ ಕಳೆದ ಟಿಕೆಟ್ ದರ. ಎರಡನೆಯದನ್ನು ಬಹಳ ಜನ ಮರೆಯುತ್ತಾರೆ. ಕೋಡ್‌ಶೇರ್ ಟಿಕೆಟ್‌ನಲ್ಲಿ ಹೆಸರು ಒಬ್ಬರದ್ದು, ವಿಮಾನ ಇನ್ನೊಬ್ಬರದ್ದು. ಹಾರಿಸುವ ಕಂಪನಿ ನಿಮ್ಮ ದರ್ಜೆ ನಡೆಯುವ ವಿಮಾನ ಕಂಪನಿಗಳ ಒಕ್ಕೂಟದ (ಸ್ಟಾರ್ ಅಲಯನ್ಸ್, ಒನ್‌ವರ್ಲ್ಡ್, ಸ್ಕೈಟೀಮ್‌ನಂಥದ್ದು) ಹೊರಗಿನದಾದರೆ ಒಕ್ಕೂಟದ ಲೌಂಜ್ ಸೌಲಭ್ಯವೂ ಇಲ್ಲ, ಹೆಚ್ಚುವರಿ ಲಗೇಜೂ ಇಲ್ಲ.

ಈ ಪಟ್ಟಿ ಕೈಯಲ್ಲಿದ್ದರೆ ಯಾವ ಕಂಪನಿಗೆ ಅರ್ಜಿ ಹಾಕಬೇಕೆಂಬುದು ತಾನಾಗಿ ತಿಳಿಯುತ್ತದೆ. ಈಗಾಗಲೇ ಇರುವ ಒಕ್ಕೂಟದೊಳಗೇ ಮ್ಯಾಚ್ ಹುಡುಕುವುದು ಹೆಚ್ಚಿನವರಿಗೆ ದಂಡ. ಸ್ಟಾರ್ ಅಲಯನ್ಸ್ ಗೋಲ್ಡ್ ಇದ್ದವರಿಗೆ ಲುಫ್ತಾನ್ಸಾದಲ್ಲೂ ಸಿಂಗಾಪುರ್ ಏರ್‌ಲೈನ್ಸ್‌ನಲ್ಲೂ ಆದ್ಯತೆಯ ಚೆಕ್-ಇನ್, ಲೌಂಜ್, ಹೆಚ್ಚುವರಿ ಲಗೇಜ್ ಆಗಲೇ ಸಿಗುತ್ತವೆ. ಅವರಿಗೆ ಹೊಸದಾಗಿ ಬೇಕಾದದ್ದು ಬೇರೆ ಒಕ್ಕೂಟದ ಸಮಾನ ದರ್ಜೆ: ಒನ್‌ವರ್ಲ್ಡ್‌ನ ಸಫೈರ್ ಅಥವಾ ಸ್ಕೈಟೀಮ್‌ನ ಎಲೀಟ್ ಪ್ಲಸ್. ಅದೇ ಒಕ್ಕೂಟದ ಕಾರ್ಡ್ ತೋರಿಸಿದ ಅರ್ಜಿಗಳನ್ನು ಎಷ್ಟೋ ಕಂಪನಿಗಳು ಒಪ್ಪುವುದೂ ಇಲ್ಲ.

ಇಲ್ಲೊಂದು ವಿಚಿತ್ರ ಇದೆ. ಸ್ಟಾರ್ ಅಲಯನ್ಸ್‌ನಲ್ಲೇ ಇರುವ ಅಮೆರಿಕದ ಯುನೈಟೆಡ್ ಕಂಪನಿಯ ಸ್ವಂತ ಗೋಲ್ಡ್ ಸದಸ್ಯರಿಗೆ ಅಮೆರಿಕದೊಳಗಿನ ಪ್ರಯಾಣದಲ್ಲಿ, ಆ ದರ್ಜೆಯ ಬಲದ ಮೇಲೆ ಯುನೈಟೆಡ್ ಕ್ಲಬ್ (ಆ ಕಂಪನಿಯ ಲೌಂಜ್) ಪ್ರವೇಶವಿಲ್ಲ. ಬೇರೆ ದೇಶದ ಕಂಪನಿಯಿಂದ ಸ್ಟಾರ್ ಗೋಲ್ಡ್ ಪಡೆದವರಿಗೆ ಅದೇ ವಿಮಾನಕ್ಕೆ, ಅದೇ ಬಾಗಿಲಲ್ಲಿ ಪ್ರವೇಶವಿದೆ. ಆದರೆ ಉಚಿತ ಅಪ್‌ಗ್ರೇಡ್ ಸಿಗುವುದು, ಬುಕಿಂಗ್ ಮಾಡುವಾಗಲೇ ಎಕಾನಮಿ ಪ್ಲಸ್ (ಕಾಲಿಗೆ ಹೆಚ್ಚು ಜಾಗವಿರುವ) ಸೀಟು ಆರಿಸಿಕೊಳ್ಳಲು ಆಗುವುದು ಯುನೈಟೆಡ್‌ನದೇ ಗೋಲ್ಡ್‌ಗೆ. ಲೌಂಜ್ ಬೇಕೋ ಸೀಟು ಬೇಕೋ ಎಂದು ಮೊದಲು ತೀರ್ಮಾನಿಸಿಕೊಳ್ಳಿ. ಸದಾ ಕಿಕ್ಕಿರಿದಿರುವ ಲೌಂಜ್‌ಗಿಂತ ಕಾಲು ಚಾಚಲು ಜಾಗವಿರುವ ಸೀಟೇ ಮೇಲು ಎಂಬುದು ನನ್ನ ಲೆಕ್ಕ.

ಮ್ಯಾಚ್ ಮತ್ತು ಚಾಲೆಂಜ್ ಬೇರೆಬೇರೆ. ಮ್ಯಾಚ್ ಎಂದರೆ ಕಾರ್ಡ್ ನೋಡಿ ದರ್ಜೆ ಕೊಟ್ಟುಬಿಡುವುದು. ಚಾಲೆಂಜ್‌ನಲ್ಲಿ ದರ್ಜೆಯನ್ನು ಸದ್ಯಕ್ಕೆ ಕೊಟ್ಟು, ಉಳಿಸಿಕೊಳ್ಳಬೇಕಾದರೆ ಇಷ್ಟು ದಿನದೊಳಗೆ ಇಷ್ಟು ಹಾರಿ ಎನ್ನುತ್ತಾರೆ. ಯುನೈಟೆಡ್ ಕೊಡುವ ಕಾಲಾವಕಾಶ 120 ದಿನ. ದೊಡ್ಡ ಕಂಪನಿಗಳಲ್ಲಿ ಈಗ ಕಾಣುವುದು ಹೆಚ್ಚಾಗಿ ಚಾಲೆಂಜೇ. ಕೆಲವು ಕಂಪನಿಗಳು ಶುಲ್ಕ ಪಡೆದೂ ಮ್ಯಾಚ್ ಕೊಡುತ್ತವೆ, ದರ್ಜೆ ಏರಿದಂತೆ ಶುಲ್ಕವೂ ಏರುತ್ತದೆ. ಪಟ್ಟಿಯಲ್ಲಿ ಆ ಕಂಪನಿಯ ಪ್ರಯಾಣ ಒಂದೋ ಎರಡೋ ಇದ್ದರೆ, ಲಗೇಜಿಗೂ ಸೀಟಿಗೂ ಬಿಡಿಯಾಗಿ ದುಡ್ಡು ಕೊಡುವುದೇ ಅಗ್ಗ.

ಚಾಲೆಂಜ್‌ನ ಲೆಕ್ಕ ತಪ್ಪುವುದು ತೆರಿಗೆಯಲ್ಲಿ. ಯುನೈಟೆಡ್‌ನಲ್ಲಿ ಅರ್ಹತಾ ಅಂಕ (ದರ್ಜೆಗೆ ಎಣಿಸುವ ಅಂಕ) ಸಿಗುವುದು ಮೂಲ ದರಕ್ಕೂ ಕಂಪನಿ ಹಾಕುವ ಸರ್‌ಚಾರ್ಜಿಗೂ; ಸರ್ಕಾರದ ತೆರಿಗೆ, ವಿಮಾನನಿಲ್ದಾಣದ ಶುಲ್ಕಕ್ಕೆ ಇಲ್ಲ. 600 ಡಾಲರ್ ಟಿಕೆಟ್‌ನಲ್ಲಿ 150 ಡಾಲರ್ ತೆರಿಗೆಯಾದರೆ ಅಂಕ 450 ಮಾತ್ರ. ಅಂಥ ನಾಲ್ಕು ಟಿಕೆಟ್ ಆದರೆ 600 ಅಂಕ ಖೋತಾ, ಅಂದರೆ ಇನ್ನೂ ಒಂದು ಟಿಕೆಟ್ ಕೊಂಡರೂ ತುಂಬದ ಕೊರತೆ. ಹಣದ ಬದಲು ಕೂಡಿಟ್ಟ ಮೈಲುಗಳನ್ನು (ಬಹುಮಾನದ ಅಂಕಗಳನ್ನು) ಕೊಟ್ಟು ಪಡೆದ ಟಿಕೆಟ್ ಸಾಮಾನ್ಯವಾಗಿ ಚಾಲೆಂಜ್‌ಗೆ ಬರುವುದಿಲ್ಲ. ತೀರಾ ಅಗ್ಗದ ಬೇಸಿಕ್ ಟಿಕೆಟ್‌ಗೆ ಕೆಲವು ಕಂಪನಿಗಳು ಸೊನ್ನೆ ಅಂಕ ಕೊಡುತ್ತವೆ. ಪಾಲುದಾರ ಕಂಪನಿಯ ವಿಮಾನ ಲೆಕ್ಕಕ್ಕಿದೆಯೇ ಎಂದೂ ಓದಿಕೊಳ್ಳಬೇಕು. ಅರ್ಜಿ ಹಾಕಿದ ದಿನವೇ ನಿಯಮಗಳ ಪುಟವನ್ನು ಪಿಡಿಎಫ್ ಮಾಡಿ ಇಟ್ಟುಕೊಳ್ಳಿ, ನಿಯಮ ನಡುವೆ ಬದಲಾದರೆ ವಾದಿಸಲು ಅದೊಂದೇ ಆಧಾರ.

ದಾಖಲೆ ಎರಡು ಬೇಕು: ಹೆಸರು, ಸದಸ್ಯತ್ವ ಸಂಖ್ಯೆ, ದರ್ಜೆ, ಮುಕ್ತಾಯ ದಿನಾಂಕ ಕಾಣುವ ಕಾರ್ಡ್, ಕಳೆದ 12 ತಿಂಗಳ ಹಾರಾಟಗಳಿರುವ ಖಾತೆಯ ವಿವರ. ತಿರಸ್ಕಾರಕ್ಕೆ ಕಾರಣ ಹೆಚ್ಚಾಗಿ ಚಿಲ್ಲರೆ ಸಂಗತಿಗಳೇ. ಒಂದು ಖಾತೆಯಲ್ಲಿ ಇನಿಷಿಯಲ್, ಇನ್ನೊಂದರಲ್ಲಿ ತಂದೆಯ ಪೂರ್ತಿ ಹೆಸರು. ಸ್ಕ್ರೀನ್‌ಶಾಟ್ ಕತ್ತರಿಸುವಾಗ ಮುಕ್ತಾಯ ದಿನಾಂಕವೇ ಹಾರಿಹೋಗಿರುತ್ತದೆ. ಕಾರ್ಡ್ ಇನ್ನೆರಡು ವಾರದಲ್ಲಿ ಮುಗಿಯುವಂತಿರುತ್ತದೆ. ಮೊದಲು ಎರಡೂ ಖಾತೆಗಳ ಹೆಸರನ್ನು ಪಾಸ್‌ಪೋರ್ಟ್‌ಗೆ ಹೊಂದಿಸಿ, ಆಮೇಲೆ ಅರ್ಜಿ. ಖಾತೆಯ ವಿವರ ಕೇಳುವುದಕ್ಕೂ ಕಾರಣವಿದೆ: ಹಾರಿ ಗಳಿಸಿದ ದರ್ಜೆಯೋ, ಕ್ರೆಡಿಟ್ ಕಾರ್ಡ್ ಜೊತೆ ಬಂದದ್ದೋ, ಇನ್ನೊಂದು ಮ್ಯಾಚ್‌ನಿಂದ ಸಿಕ್ಕಿದ್ದೋ ಎಂದು ಅದರಲ್ಲಿ ಗೊತ್ತಾಗುತ್ತದೆ. ಮ್ಯಾಚ್ ತೋರಿಸಿ ಮ್ಯಾಚ್ ಪಡೆಯುವ ಸರಪಳಿ ಹೆಚ್ಚಾಗಿ ತುಂಡಾಗುವುದು ಇಲ್ಲೇ.

ಅವಕಾಶ ಒಂದು ಸಲ ಬಳಸಿದರೆ ಮತ್ತೆ ವರ್ಷಗಟ್ಟಲೆ ಸಿಗದಿರಬಹುದು. ಕೆಲವು ಕಡೆ ಜೀವಮಾನಕ್ಕೊಂದೇ. ಅದಕ್ಕೇ ಬೇರೆ ದಾರಿಯಿದ್ದರೆ ಮೊದಲು ಅದನ್ನು ಬಳಸಬೇಕು. ಹೋಟೆಲ್ ಕಂಪನಿ ಮ್ಯಾರಿಯಟ್‌ನ ಟೈಟಾನಿಯಂ ಸದಸ್ಯರಿಗೆ ಯುನೈಟೆಡ್ ಸಿಲ್ವರ್ ಕೊಡುವ ಒಪ್ಪಂದವಿದೆ, ಯುನೈಟೆಡ್ ಗೋಲ್ಡ್ ಮತ್ತು ಅದರ ಮೇಲಿನವರಿಗೆ ಮ್ಯಾರಿಯಟ್ ಗೋಲ್ಡ್ ಸಿಗುತ್ತದೆ. ಇದು ಮ್ಯಾಚ್ ಅಲ್ಲ, ಎರಡು ಕಂಪನಿಗಳ ನಡುವಿನ ಕೊಡುಕೊಳ್ಳುವಿಕೆ. ಅವಕಾಶವನ್ನು ಉಳಿಸಿಟ್ಟುಕೊಳ್ಳಲು ಇನ್ನೊಂದು ಕಾರಣ, ಕಂಪನಿಗಳೇ ಒಕ್ಕೂಟ ಬದಲಿಸುವುದೂ ಉಂಟು: ಸ್ಕ್ಯಾಂಡಿನೇವಿಯಾದ ಎಸ್‌ಎಎಸ್ 2024ರ ಸೆಪ್ಟೆಂಬರ್ 1ರಂದು ಸ್ಟಾರ್ ಅಲಯನ್ಸ್ ಬಿಟ್ಟು ಸ್ಕೈಟೀಮ್ ಸೇರಿತು.

ದರ್ಜೆ ಬಂದಮೇಲೂ ಒಂದು ಕೆಲಸ ಬಾಕಿ. ಹಳೆಯ ಬುಕಿಂಗ್‌ಗಳಲ್ಲಿ ಹಳೆಯ ಸದಸ್ಯತ್ವ ಸಂಖ್ಯೆಯೇ ಕೂತಿರುತ್ತದೆ. ಒಂದು ಹಾರಾಟದ ಅಂಕ ಒಂದೇ ಖಾತೆಗೆ ಜಮಾ ಆಗುವುದರಿಂದ, ಚಾಲೆಂಜ್ ಅವಧಿಯ ಎಲ್ಲ ಬುಕಿಂಗ್‌ಗಳಲ್ಲೂ ಹೊಸ ಸಂಖ್ಯೆ ಹಾಕಬೇಕು, ಅದೂ ಚೆಕ್-ಇನ್‌ಗೆ ಮೊದಲೇ. ಆಮೇಲೆ ಬದಲಿಸಿದರೆ ಬೋರ್ಡಿಂಗ್ ಪಾಸ್‌ನಲ್ಲಿ ಹಳೆಯದೇ ಉಳಿಯಬಹುದು. ಕೌಂಟರ್‌ನಲ್ಲಿ ಚೆಕ್-ಇನ್ ರದ್ದು ಮಾಡಿಸಿ ಮತ್ತೆ ಮಾಡಿಸುವ ತಾಪತ್ರಯ. ಹೀಗೆ ಸಂಖ್ಯೆ ಬದಲಿಸುವುದರ ಬೆಲೆ ಏನೆಂದರೆ ಹಳೆಯ ಖಾತೆಗೆ ಆ ತಿಂಗಳುಗಳಲ್ಲಿ ಅಂಕ ಬರುವುದಿಲ್ಲ, ಅಲ್ಲಿನ ದರ್ಜೆ ಜಾರಬಹುದು.

ಬೋರ್ಡಿಂಗ್ ಪಾಸ್ ಕೈಗೆ ಬಂದಾಗ ದರ್ಜೆಯ ಗುರುತು ನೋಡಿ, ಸ್ಟಾರ್ ಅಲಯನ್ಸ್‌ನಲ್ಲಿ ಅದು 'ಗೋಲ್ಡ್' ಅಥವಾ ನಕ್ಷತ್ರದ ಪಕ್ಕ 'ಜಿ'. ಅಂಕ ಖಾತೆಗೆ ಬೀಳುವವರೆಗೆ ಆ ಪಾಸ್ ಎಸೆಯಬೇಡಿ. ಪಾಲುದಾರ ಕಂಪನಿಯ ಹಾರಾಟ ಜಮಾ ಆಗಲು ವಾರಗಳೇ ಹಿಡಿಯಬಹುದು. ಬರದಿದ್ದರೆ ಟಿಕೆಟ್ ಸಂಖ್ಯೆ, ಪಾಸ್ ಎರಡನ್ನೂ ಸೇರಿಸಿ ಬಾಕಿ ಅಂಕದ ಮನವಿ ಹಾಕಿ, ಗಡುವಿನ ಕೊನೆಯ ವಾರದವರೆಗೆ ಕಾಯದೆ.